ಬಿದ್ದರೆ ಎತ್ತಲಿಕ್ಕಾಗುವ ಬೈಕು

ನನ್ನ ಎತ್ತರ ಐದಡಿ ನಾಲ್ಕಿಂಚು. ತೂಕ 58 ಕೆಜಿ, ಅಷ್ಟಮಿ ಚೌತಿ ಮುಗಿದ ವಾರ 60. ವಯಸ್ಸು 43. ಬೈಕಿನ ಬಗ್ಗೆ ಬರೆಯುವವರು ಮೊದಲು ಇಷ್ಟು ಹೇಳಿಬಿಟ್ಟರೆ ಓದುವವರಿಗೆ ಅರ್ಧ ಕೆಲಸ ತಪ್ಪುತ್ತದೆ ಅಂತ ನನ್ನ ತಕರಾರು. ಯಾರೋ ಆರಡಿ ಆಸಾಮಿ "ಸೀಟಿನ ಎತ್ತರ ಸಮಸ್ಯೆಯೇ ಅಲ್ಲ" ಅಂತ ಬರೆದದ್ದನ್ನು ನಂಬಿ ಶೋರೂಮಿಗೆ ಹೋಗಿ, ಕಾಲ್ಬೆರಳ ತುದಿಯಲ್ಲಿ ನಿಂತು ಯಕ್ಷಗಾನದ ಬಾಲಗೋಪಾಲನ ಹಾಗೆ ಕುಣಿದು ಬಂದವ ನಾನು.

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಮನೆ ಬಾರ್ಕೂರು ಕಡೆ. ಹದಿನಾಲ್ಕು ವರ್ಷ ಒಂದೇ ಸ್ಪ್ಲೆಂಡರಿನಲ್ಲಿ ಅಂಗಡಿಗೆ ಹೋಗಿ ಬಂದಿದ್ದೇನೆ. ಬ್ರಹ್ಮಾವರದಲ್ಲಿ ಹೈವೇ ಹತ್ತಿದರೆ ಅದು ಎನ್‌ಎಚ್ 66, ಪನ್ವೇಲಿನಿಂದ ಕನ್ಯಾಕುಮಾರಿವರೆಗಿನ ರಸ್ತೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಹನ್ನೆರಡೋ ಹದಿಮೂರೋ ಕಿಲೋಮೀಟರು. ದಿನಾ ಬೆಳಿಗ್ಗೆ ತೆಂಕಿಗೆ ತಿರುಗುವ ಗಾಡಿಯನ್ನು ಒಂದು ದಿನ ಬಡಗಿಗೆ ತಿರುಗಿಸಿ, ಹೋಗಿದ್ದೇ ಹೋದರೆ? ಈ ಹುಳ ತಲೆಗೆ ಹೊಕ್ಕದ್ದು 2023ರ ಮಳೆಗಾಲದಲ್ಲಿ.

ದೂರ ಹೋಗಲಿಕ್ಕೆ ದೊಡ್ಡ ಗಾಡಿಯೇ ಬೇಕು ಅಂತ ಆಗ ನನ್ನ ಲೆಕ್ಕ. ಕೋಟದ ಗೆಳೆಯನೊಬ್ಬನ ಹತ್ತಿರ ಅಂಥದ್ದೊಂದು ಇತ್ತು. ಹೆಸರು ಬೇಡ, ಗಾಡಿಯದ್ದೇನೂ ತಪ್ಪಿಲ್ಲ. ಪೆಟ್ರೋಲು ತುಂಬಿದ ಮೇಲೆ ಇನ್ನೂರು ಕೆಜಿಯ ಆಸುಪಾಸು. "ಒಂದು ಆದಿತ್ಯವಾರ ತಿರುಗಾಡಿಸಿ ನೋಡು, ಆಮೇಲೆ ನಿರ್ಧಾರ ಮಾಡು" ಅಂತ ಕೀ ಕೊಟ್ಟ. ಅವನ ಮನಸ್ಸು ದೊಡ್ಡದು. ನಾನು ಅಮಾಸೆಬೈಲಿನ ಒಳರಸ್ತೆಗೆ ನುಗ್ಗಿಸಿದೆ. ಡಾಮರು ಮುಗಿದು ಮುರಕಲ್ಲಿನ ಮಣ್ಣುರಸ್ತೆ ಶುರುವಾಯಿತು, ಒಂದು ಬದಿ ಅಡಿಕೆ ತೋಟ, ಇನ್ನೊಂದು ಬದಿ ತೋಡು. ಓಡುತ್ತಿದ್ದಷ್ಟು ಹೊತ್ತು ಸ್ವರ್ಗ. ದಾರಿ ತಪ್ಪಿದೆ ಅಂತ ಗೊತ್ತಾಗಿ ತಿರುಗಿಸಲಿಕ್ಕೆ ನಿಲ್ಲಿಸಿದೆ ನೋಡಿ, ಎಡಗಾಲು ಊರಿದ ಕಡೆ ನೆಲವೇ ಇಲ್ಲ. ಇತ್ತು, ಆದರೆ ಎರಡು ಇಂಚು ಕೆಳಗೆ. ಆ ಎರಡು ಇಂಚಿನಲ್ಲಿ ಇನ್ನೂರು ಕೆಜಿ ಒಂದು ಬದಿಗೆ ವಾಲಿತು. ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಕೋಣ ಕೆಸರಿನಲ್ಲಿ ಮಲಗಿದ ಹಾಗೆ ಮಲಗಿತು.

ನನಗೆ ಪೆಟ್ಟಾಗಲಿಲ್ಲ, ಕ್ರ್ಯಾಶ್ ಗಾರ್ಡು ಕಾಲು ಉಳಿಸಿತು. ಆದರೆ ಗಾಡಿ ಏಳಲಿಲ್ಲ. ನಾಲ್ಕು ಸಲ ಹಿಡಿದು ಎತ್ತಿದೆ, ನಾಲ್ಕು ಸಲವೂ ಅರ್ಧಕ್ಕೆ ಬಂದು ಚಪ್ಪಲಿ ಜಾರಿತು. ಹೌದು, ಚಪ್ಪಲಿಯಲ್ಲಿ ಹೋಗಿದ್ದೆ, ಬಯ್ಯಬೇಡಿ. ಮಳೆ ಹೊಯ್ಯುತ್ತಲೇ ಇತ್ತು. ಕಾಲಿಗೆ ಇಂಬಳ ಹತ್ತಲಿಕ್ಕೆ ಶುರುವಾಯಿತು. ಮೊಬೈಲಿನಲ್ಲಿ ಒಂದು ಕಡ್ಡಿ ನೆಟ್‌ವರ್ಕಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ತೋಟಕ್ಕೆ ಸೊಪ್ಪು ಹೊತ್ತುಕೊಂಡು ಗಂಡ ಹೆಂಡತಿ ಇಬ್ಬರು ಬಂದರು. ಹೊರೆ ಇಳಿಸಿ ಮೂರು ಜನ ಸೇರಿ ಎತ್ತಿದೆವು. ಆ ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೇಳಿದರು: "ಎತ್ತುಕೆ ಆಗ್ದಿದ್ ಗಾಡಿ ತಪ್ಪುದ್ ಎಂತಕ್ ಮರ್ರೆ?"

ನಮ್ಮ ಕುಂದಾಪುರದ ಮಾತಿನಲ್ಲಿ 'ತಪ್ಪುದ್' ಅಂದರೆ ತರುವುದು. ಆದರೂ ಮನೆ ಮುಟ್ಟುವವರೆಗೆ ಅದು ನನ್ನ ಕಿವಿಯಲ್ಲಿ ಬೇರೆಯೇ ಅರ್ಥದಲ್ಲಿ ಕೇಳುತ್ತಿತ್ತು.

ಮಾರನೇ ದಿನ ಕಲ್ಯಾಣಪುರ ಕಡೆಯ ನನ್ನ ಮೆಕ್ಯಾನಿಕ್ ಅಣ್ಣನಿಗೆ ಈ ಕತೆ ಹೇಳಿದೆ. ಅವರು ನಗಲಿಲ್ಲ. ಒಳಗಿನಿಂದ ಎರಡು ಗೋಣಿಚೀಲ ತಂದು ನೆಲಕ್ಕೆ ಹಾಸಿ, ಮಗನ ಬೈಕನ್ನು, ಹೀರೊ ಕಂಪನಿಯ ಎಕ್ಸ್‌ಪಲ್ಸನ್ನು, ಅದರ ಮೇಲೆ ಮಲಗಿಸಿ, "ಎತ್ತಿ ನೋಡುವ" ಅಂದರು. ನಾನು ಹ್ಯಾಂಡಲ್ ಹಿಡಿದು ಬಗ್ಗಿದೆ. "ಹಾಗಲ್ಲ ಮಾರಾಯ್ರೆ, ಸೊಂಟ ಹೋಗ್ತದೆ. ಬೆನ್ನು ಹಾಕಿ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಶೋರೂಮಿನಲ್ಲಿ ಯಾರೂ ಕಲಿಸುವುದಿಲ್ಲ. ಎಂಜಿನ್ ಬಂದ್ ಮಾಡಿ ಗೇರಿನಲ್ಲಿ ಇಡಬೇಕು, ಚಕ್ರ ಉರುಳಬಾರದು. ಗಾಡಿ ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿ ಇಡಬೇಕು, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆಚೆ ಬದಿಗೆ ಮಗುಚುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಕುಂಡೆ ಆನಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು. ಒಂದು ಕೈ ಕೆಳಗಿನ ಗ್ರಿಪ್ಪಿಗೆ, ಇನ್ನೊಂದು ಹಿಂದಿನ ಕ್ಯಾರಿಯರಿಗೆ. ಎತ್ತುವುದು ಕೈಯಲ್ಲಿ ಅಲ್ಲ, ತೊಡೆಯಲ್ಲಿ. ಬೆನ್ನು ನೆಟ್ಟಗೆ ಇಟ್ಟು ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋದರೆ ಗಾಡಿ ತಾನಾಗಿ ನಿಲ್ಲುತ್ತದೆ. ಹಿಂದೆ ಅಕ್ಕಿಮುಡಿ ಎತ್ತಿದವರಿಗೆ ಈ ಪಟ್ಟು ಹೇಳಿಕೊಡಬೇಕಾಗಿಲ್ಲ. ನಾನು ಮೂರನೇ ಸಲಕ್ಕೆ ಎತ್ತಿದೆ. ಅಣ್ಣ ಅದನ್ನು ಮತ್ತೆ ಮಲಗಿಸಿದರು. "ಇನ್ನೊಂದು ಬದಿ."

157 ಕೆಜಿ. ಅಮಾಸೆಬೈಲಿನಲ್ಲಿ ಬಿದ್ದದ್ದಕ್ಕೂ ಇದಕ್ಕೂ ನಲವತ್ತು ಕೆಜಿ ಚಿಲ್ಲರೆ ಅಂತರ. ಆ ಅಂತರದಲ್ಲೇ ನನ್ನ ತೀರ್ಮಾನ ಆದದ್ದು. ಆಮೇಲಿನ ತಿಂಗಳುಗಳಲ್ಲಿ ನಾನು ಮಾಡಿದ್ದು ಆ ತೀರ್ಮಾನಕ್ಕೆ ಕಾರಣ ಹುಡುಕುವ ಕೆಲಸ ಅಂತ ನನ್ನ ಹೆಂಡತಿಯ ಅಭಿಪ್ರಾಯ. ಅವಳು ಸಹಕಾರಿ ಸಂಘದಲ್ಲಿ ಸಾಲದ ಅರ್ಜಿ ನೋಡುವವಳು, ಮನುಷ್ಯರನ್ನು ಚೆನ್ನಾಗಿ ಓದುತ್ತಾಳೆ. ಬಜೆಟ್ಟೂ ಅವಳದ್ದೇ: "ಒಂದೂಕಾಲು ಲಕ್ಷ. ಹೆಲ್ಮೆಟ್ಟು, ಟಯರು, ಇನ್ಶೂರೆನ್ಸು, ಎಲ್ಲ ಅದರಲ್ಲೇ ಬಂತು."

ಕಾರಣ ಹುಡುಕಿದ್ದು ಹೀಗೆ. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 411 ಮನಸ್ಸಿಗೆ ಹತ್ತಿರದ್ದು. 2016ರಲ್ಲಿ ಬಂದಾಗಿನಿಂದ ಆಸೆ ಇತ್ತು. ಸೀಟು 800 ಮಿಲಿಮೀಟರು, ನನ್ನ ಕಾಲಿಗೆ ಎಲ್ಲಕ್ಕಿಂತ ಸಲೀಸು. 15 ಲೀಟರಿನ ಟ್ಯಾಂಕು, ಇಡೀ ದಿನ ಕೂತರೂ ಸುಸ್ತಾಗದ ಸೀಟು. ಆದರೆ ತೂಕ 199. ಎರಡೂ ಕಾಲು ಊರಿ ನಿಲ್ಲಬಹುದು, ಬಿದ್ದರೆ ಮಾತ್ರ ಮತ್ತೆ ಸೊಪ್ಪಿನ ಹೊರೆಯವರಿಗೆ ಕಾಯಬೇಕು. 2023ರ ನವೆಂಬರಿನಲ್ಲಿ 450 ಬಂತು, ಅದರ ಎಂಜಿನು ಬೇರೆಯೇ ಲೋಕದ್ದು, ಬೆಲೆಯೂ ನನ್ನ ಲೋಕದ್ದಲ್ಲ. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಓಡಿಸಿ ನೋಡಿದೆ. ಹೈವೇಗೆ ಅಂಥ ನಯವಾದ ಎಂಜಿನು ಈ ವರ್ಗದಲ್ಲಿ ನಾನು ಓಡಿಸಿಲ್ಲ. 167 ಕೆಜಿ, ಅಡ್ಡಿಲ್ಲ. ಅಲಾಯ್ ಚಕ್ರಕ್ಕೆ ಟ್ಯೂಬ್‌ಲೆಸ್ ಟಯರು, ಪಂಕ್ಚರ್ ಆದರೆ ತೂತಿಗೆ ರಬ್ಬರಿನ ಬತ್ತಿ ತುರುಕಿ ಹೊರಡಬಹುದು. ಸೀಟು ಮಾತ್ರ 835, ಮತ್ತೆ ಬಾಲಗೋಪಾಲ. ಅದು 2022ರಲ್ಲಷ್ಟೇ ಬಂದ ಗಾಡಿಯಾದ್ದರಿಂದ ಸೆಕೆಂಡ್‌ಹ್ಯಾಂಡಿನಲ್ಲಿ ನನ್ನ ದುಡ್ಡಿಗೆ ಇಳಿದಿರಲಿಲ್ಲ. ದುಡ್ಡೂ ಎತ್ತರವೂ ಇದ್ದಿದ್ದರೆ ಅದನ್ನೇ ತರುತ್ತಿದ್ದೆ ಅಂತ ಈಗಲೂ ಹೇಳುತ್ತೇನೆ.

ಇನ್ನೊಂದು ಆಯ್ಕೆ ಅಂಗಳದಲ್ಲೇ ಇತ್ತು: 97.2 ಸಿಸಿಯ ಸ್ಪ್ಲೆಂಡರು. ನೂರು ಸಿಸಿ ಗಾಡಿಯಲ್ಲಿ ಲಡಾಖಿಗೆ ಹೋಗಿ ಬಂದವರು ಬೇಕಾದಷ್ಟು ಜನ. ಡಾಮರು ಬಿಟ್ಟು ಇಳಿಯುವುದಿಲ್ಲ, ದಿನಕ್ಕೆ ಇನ್ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸುವುದಿಲ್ಲ ಅನ್ನುವವರು ಹೊಸ ಬೈಕಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಇರುವ ಗಾಡಿಗೆ ಹೊಸ ಚೈನ್ ಸೆಟ್ಟು, ಟಯರು, ಕೇಬಲ್ಲು ಹಾಕಿಸಿ ಹೊರಡಿ. ನನಗೆ ಮಣ್ಣುರಸ್ತೆಯ ಹುಚ್ಚು. ಎಕ್ಸ್‌ಪಲ್ಸಿನ ಮುಂದಿನ ಸಸ್ಪೆನ್ಷನ್ನು 190 ಮಿಲಿಮೀಟರು ಆಡುತ್ತದೆ, ಹೊಟ್ಟೆ ನೆಲದಿಂದ 220 ಮಿಲಿಮೀಟರು ಮೇಲೆ. ಮುಂದಿನ ಚಕ್ರ 21 ಇಂಚು, ಹೊಂಡಕ್ಕೆ ಬೀಳುವುದಿಲ್ಲ, ಹೊಂಡದ ಮೇಲೆ ಹತ್ತಿಕೊಂಡು ಹೋಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆಯ ರಸ್ತೆ ನೋಡಿದವರಿಗೆ ಇದರ ಬೆಲೆ ಗೊತ್ತು.

ತೂಕ ಬಿಟ್ಟರೆ ನಾನು ತಲೆ ಕೆಡಿಸಿಕೊಂಡದ್ದು ಪಾರ್ಟ್ಸಿನ ಬಗ್ಗೆ. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತು. ಮ್ಯಾಪಿನಲ್ಲಿ 66ರ ಉದ್ದಕ್ಕೂ ಬೆರಳಾಡಿಸುತ್ತಾ ಭಟ್ಕಳ, ಅಂಕೋಲಾ, ಸಾವಂತವಾಡಿ, ಚಿಪಳೂಣ, ಆಮೇಲೆ ಗುಜರಾತಿನ ಭರೂಚ್ ಅಂತ ಸಿಕ್ಕ ಸಿಕ್ಕ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನು ಮಾಡಿದೆ. ಕೇಳಿದ್ದು ಮೂರೇ ಸಾಮಾನು: ಎಕ್ಸ್‌ಪಲ್ಸಿನ ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, 21 ಇಂಚಿನ ಟ್ಯೂಬು. ಹದಿನೇಳು ಅಂಗಡಿಗೆ ಮಾಡಿದ್ದೆ. ಕೇಬಲ್ಲಿಗೆ ಮತ್ತು ಪ್ಯಾಡಿಗೆ ಹೆಚ್ಚಿನವರು "ಉಂಟು", ಇಲ್ಲವೇ "ನಾಳೆ ತರಿಸುತ್ತೇವೆ" ಅಂದರು. ಟ್ಯೂಬು ಇತ್ತು ಅಂದವರು ಇಬ್ಬರೇ. ಅಂದರೆ ಟ್ಯೂಬು ನಮ್ಮ ಚೀಲದಲ್ಲಿ ಇರಬೇಕು. ಅದೂ 21 ಇಂಚಿನದ್ದೇ, ಯಾಕೆಂದರೆ ತುರ್ತಿಗೆ ಅದನ್ನು ಮಡಚಿ 18 ಇಂಚಿನ ಹಿಂದಿನ ಚಕ್ರಕ್ಕೂ ತುರುಕಬಹುದು, 18ರದ್ದನ್ನು ಮುಂದಕ್ಕೆ ಎಳೆಯುವುದು ಕಷ್ಟ. ಚಿಪಳೂಣದ ಅಂಗಡಿಯವರು ನನ್ನ ಹರಕು ಹಿಂದಿ ಕೇಳಿ, ಗಾಡಿ ಎಲ್ಲಿ ಕೆಟ್ಟು ನಿಂತಿದೆ, ಹುಡುಗನನ್ನು ಕಳಿಸಲಾ ಅಂತ ಗಾಬರಿಯಲ್ಲಿ ಕೇಳಿದರು. ಇನ್ನೂ ಗಾಡಿಯನ್ನೇ ತಗೊಂಡಿಲ್ಲ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ.

ಸೆಕೆಂಡ್‌ಹ್ಯಾಂಡ್ ಹುಡುಕಾಟಕ್ಕೆ ಮಣಿಪಾಲದಷ್ಟು ಒಳ್ಳೆಯ ಜಾಗ ಇಲ್ಲ. ಮೇ ಜೂನಿನಲ್ಲಿ ಕೋರ್ಸು ಮುಗಿಸಿ ಊರಿಗೆ ಹೊರಟ ಹುಡುಗರು ಸಿಕ್ಕಿದ ಬೆಲೆಗೆ ಗಾಡಿ ಮಾರುತ್ತಾರೆ. ಮೊದಲು ನೋಡಿದ್ದು ಅಂಥದ್ದೇ, ಎಂಟೇ ಸಾವಿರ ಕಿಲೋಮೀಟರು ಓಡಿದ್ದು, ಹೊಳೆಯುತ್ತಿತ್ತು. ಆದರೆ ನಂಬರು ಡಿಎಲ್. ಹೊರ ರಾಜ್ಯದ ಗಾಡಿ ಅಂದರೆ ಅಲ್ಲಿಯ ಆರ್‌ಟಿಓದಿಂದ ಎನ್‌ಒಸಿ ತರಿಸಬೇಕು, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಹೊಸ ನಂಬರು ಮಾಡಿಸಬೇಕು. ಅಗ್ಗಕ್ಕೆ ಸಿಕ್ಕಿದ್ದು ಅಲ್ಲಿಗೆ ಸರಿಹೋಗುತ್ತದೆ. ಆ ಹುಡುಗನಾದರೋ ನಾಡಿದ್ದು ರೈಲು ಹತ್ತುವವ, ಆಮೇಲೆ ಒಂದು ಸಹಿ ಬೇಕಾದರೆ ನಾನು ದೆಹಲಿಗೆ ಹೋಗಬೇಕು. ಕೈಬಿಟ್ಟೆ.

ಎರಡನೆಯದು ಮಂಗಳೂರಿನದ್ದು. ಕೆಎ 19, ಕಾಗದಪತ್ರ ಎಲ್ಲ ಸರಿ. ಮಾರುವವರು ಮೊಬೈಲಿನಲ್ಲಿ ವಿಡಿಯೊ ತೋರಿಸಿದರು: ಸಂಜೆ ಹೊತ್ತು, ಬೀಚಿನಲ್ಲಿ ತೆರೆಯ ಅಂಚಿಗೇ ಗಾಡಿ ಓಡುತ್ತಿದೆ, ನೀರು ಎರಡೂ ಬದಿಗೆ ರೆಕ್ಕೆ ಬಿಚ್ಚಿದ ಹಾಗೆ ಚಿಮ್ಮುತ್ತಿದೆ. ಚಂದದ ವಿಡಿಯೊ. ನಾನು ಕೂತು ಚಕ್ರದ ಕಡ್ಡಿಗಳ ಬುಡ ನೋಡಿದೆ. ರಿಮ್ಮಿಗೆ ಸೇರುವಲ್ಲಿ ನಿಪ್ಪಲ್ಲುಗಳೆಲ್ಲ ಕೆಂಪಾಗಿ ಕಚ್ಚಿಕೊಂಡಿದ್ದವು, ತಿರುಗಿಸಿದರೆ ಮುರಿಯುವ ಸ್ಥಿತಿ. ಎಂಜಿನಿನ ಕೇಸಿಂಗಿನ ಮೂಲೆಯಲ್ಲಿ ಅಲ್ಯೂಮಿನಿಯಂ ಬೂಷ್ಟು ಹಿಡಿದ ಹಾಗೆ ಬಿಳೀ ಪುಡಿ. ವೈರಿಂಗ್ ಕಪ್ಲರ್ ಒಂದನ್ನು ಬಿಚ್ಚಿದರೆ ಒಳಗೆ ಹಸಿರು. ಉಪ್ಪುನೀರು ತಿಂದ ಗಾಡಿ ಇವತ್ತು ಓಡುತ್ತದೆ, ಒಂದು ದಿನ ಊರಿಲ್ಲದ ಕಡೆ ನಿಲ್ಲುತ್ತದೆ. ಕರಾವಳಿಯವರು ಗೇಟು, ಕಿಟಕಿ ಸರಳು, ದೋಣಿಯ ಬೋಲ್ಟು ಅಂತ ಹುಟ್ಟಿದಾಗಿನಿಂದ ತುಕ್ಕಿನ ಜೊತೆ ಬದುಕಿದವರು, ಬೈಕಿನ ವಿಷಯದಲ್ಲಿ ಮಾತ್ರ ಯಾಕೋ ಮರೆತುಬಿಡುತ್ತಾರೆ.

ಮೂರನೆಯದು ಕಾರ್ಕಳದ್ದು. ವರ್ಗ ಆಗಿ ಹೋಗುತ್ತಿದ್ದವರ ಗಾಡಿ, 2021ರ ಮಾಡೆಲ್ಲು, ಎರಡು ವಾಲ್ವಿನ ಎಕ್ಸ್‌ಪಲ್ಸ್ 200, ಹತ್ತೊಂಬತ್ತು ಸಾವಿರ ಕಿಲೋಮೀಟರು. 2020ರ ಏಪ್ರಿಲಿನಿಂದ ಬಿಎಸ್-6 ಅನ್ನುವ ಹೊಗೆಯ ನಿಯಮ ಬಂದದ್ದರಿಂದ ಕಾರ್ಬೊರೇಟರ್ ಅಲ್ಲ, ಫ್ಯೂಯೆಲ್ ಇಂಜೆಕ್ಷನ್. ಮುಂದೆ ಎತ್ತರದ ಜಾಗಕ್ಕೆ ಹೋಗುವ ಆಸೆ ಇದ್ದವರಿಗೆ ಇದು ಮುಖ್ಯ. ಮೇಲೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ. ಕಾರ್ಬೊರೇಟರು ಹಳೇ ಲೆಕ್ಕದಲ್ಲೇ ಪೆಟ್ರೋಲು ಸುರಿದು ಎಂಜಿನಿಗೆ ಉಸಿರು ಕಟ್ಟಿಸುತ್ತದೆ, ಇಂಜೆಕ್ಷನ್ನಿನ ಸೆನ್ಸರು ಗಾಳಿ ನೋಡಿ ಅಳೆದು ಹಾಕುತ್ತದೆ. ಎಂಜಿನಿನ ಶಕ್ತಿ ಇಳಿಯುವುದು ಹೇಗೂ ಇಳಿಯುತ್ತದೆ, ಆದರೆ ಗಾಡಿ ಕೆಮ್ಮುವುದಿಲ್ಲ.

"ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಫೋನಿನಲ್ಲೇ ಹೇಳಿದ್ದೆ. ಹೋದ ಕೂಡಲೇ ಅಣ್ಣ ನಮಸ್ಕಾರಕ್ಕೂ ಮೊದಲು ಎಂಜಿನಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ತಣ್ಣಗಿರುವ ಎಂಜಿನು ಮೊದಲ ಸಲಕ್ಕೆ ಹೇಗೆ ಏಳುತ್ತದೆ, ಆಗ ಏನು ಸದ್ದು, ಹೊಗೆಯ ಬಣ್ಣ ಏನು, ಇಷ್ಟರಲ್ಲೇ ಅರ್ಧ ಜಾತಕ ಗೊತ್ತಾಗುತ್ತದೆ ಅಂತ ಅವರ ನಂಬಿಕೆ. ಆಮೇಲೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂತು. "ಚೈನ್ ಸೆಟ್ ಹೋಗಿದೆ" ಅಂದರು, ಮಾರುವವರಿಗೆ ಕೇಳುವ ಹಾಗೆ. ಮುಂದಿನ ಫೋರ್ಕಿನ ರಾಡಿನ ಮೇಲೆ ಉಗುರು ಆಡಿಸಿದರು, ಎಲ್ಲೂ ಕಚ್ಚಲಿಲ್ಲ, ಆಯಿಲ್ ಸೀಲ್ ಒಣಗಿಯೇ ಇತ್ತು. ಮುಂದಿನ ಚಕ್ರ ನೆಲ ಬಿಡುವಂತೆ ನಾನು ಹಿಂದೆ ಅಮುಕಿ ಹಿಡಿದಾಗ ಹ್ಯಾಂಡಲನ್ನು ಒಂದೇ ಬೆರಳಲ್ಲಿ ಈಚೆಯಿಂದ ಆಚೆ ತಳ್ಳಿದರು. ನಡುವಿನಲ್ಲಿ ಎಲ್ಲೋ ಒಂದು ಚೂರು ತಡೆದು ಹೋಯಿತು. ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು. "ಈಗ ಅಡ್ಡಿಲ್ಲ, ಮುಂದೆ ಬದಲಿಸಬೇಕು." ಚೇಸಿಸ್ ನಂಬರನ್ನು ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಓದಿ ತಾಳೆ ನೋಡಿದ್ದು ನಾನು, ಪ್ರೂಫ್ ನೋಡುವ ಅಭ್ಯಾಸ ಅಲ್ಲೊಂದು ಕೆಲಸಕ್ಕೆ ಬಂತು. ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್, ಅಂದರೆ ಗಾಡಿಯ ಮೇಲೆ ಸಾಲ ಇದೆ ಅನ್ನುವ ನಮೂದು, ಇನ್ನೂ ಇತ್ತು. ಸಾಲ ತೀರಿತ್ತು, ಆ ನಮೂದು ತೆಗೆಸುವ ಫಾರಂ 35 ಮಾತ್ರ ಹಾಕಿರಲಿಲ್ಲ. ಅದನ್ನು ತೆಗೆಸಿಕೊಟ್ಟ ಮೇಲೆಯೇ ಪೂರ್ತಿ ದುಡ್ಡು ಅಂತ ಮಾತಾಯಿತು. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡೆವು. ಫಾರಂಗಳನ್ನು ನನ್ನ ಅಂಗಡಿಯಲ್ಲೇ ಪ್ರಿಂಟು ತೆಗೆದದ್ದು, ಅದೊಂದು ಉಳಿತಾಯ.

ತೊಂಬತ್ತೈದು ಹೇಳಿದ್ದರು, ಚೈನ್ ಸೆಟ್ಟು ತೋರಿಸಿ ತೊಂಬತ್ತಕ್ಕೆ ಇಳಿಯಿತು. 2024ರ ಮೇ ತಿಂಗಳು.

ಮನೆಗೆ ತಂದಾಗ ಅಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ತಲೆ ಎತ್ತಿ ನೋಡಿ, "ಇದೆಂಥಾ ಗಾಡಿ ಮಗಾ, ಹತ್ತುಕೆ ಏಣಿ ಬೇಕಾತ್ತ್ ಕಾಣ್" ಅಂದರು. ಸೀಟಿನ ಎತ್ತರ 823 ಮಿಲಿಮೀಟರು, ಅಮ್ಮ ಹೇಳಿದ್ದು ಸುಳ್ಳಲ್ಲ. ಸೀಟು ಹೊಲಿಯುವವರಲ್ಲಿ ಕೊಟ್ಟು ನಡುವಿನ ಫೋಮನ್ನು ಸ್ವಲ್ಪ ತೆಗೆಸಿ, ಅಂಚನ್ನು ಕಿರಿದು ಮಾಡಿಸಿದೆ. ಅಂಚು ಕಿರಿದಾದರೆ ಕಾಲು ನೇರ ಕೆಳಗಿಳಿಯುತ್ತದೆ, ಫೋಮು ಕಡಿಮೆ ಮಾಡುವುದಕ್ಕಿಂತ ಅದೇ ಹೆಚ್ಚು ಉಪಯೋಗ. ಫೋಮು ತೀರಾ ತೆಗೆಸಿದರೆ ನೂರು ಕಿಲೋಮೀಟರು ಕಳೆಯುವಷ್ಟರಲ್ಲಿ ಹಲಗೆಯ ಮೇಲೆ ಕೂತ ಹಾಗಾಗುತ್ತದೆ. ದಪ್ಪ ಅಟ್ಟೆಯ ಬೂಟು ತಗೊಂಡೆ. ಈಗ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗುತ್ತದೆ. ಹಿಮ್ಮಡಿ ಇಲ್ಲ, ಬೇಕಾಗಿಯೂ ಇಲ್ಲ. ನಿಲ್ಲಿಸುವಾಗ ಒಂದೇ ಕಾಲು ಊರಿ, ಇನ್ನೊಂದನ್ನು ಬ್ರೇಕಿನ ಮೇಲೆ ಇಡುವುದು ಅಭ್ಯಾಸವಾಯಿತು. ಊರುವ ಮೊದಲು ನೆಲ ನೋಡುವುದು ಅಮಾಸೆಬೈಲಿನಲ್ಲೇ ಕಲಿತದ್ದು.

ಉಳಿದ ಮೂವತ್ತೈದು ಸಾವಿರ ಹೇಗೆ ಹೋಯಿತು ಅಂತ ಕೇಳಬೇಡಿ ಅನ್ನಬೇಕೆನಿಸಿತು, ಆದರೆ ಬೈಕು ಹುಡುಕುವವರು ಎಡವುವುದೇ ಇಲ್ಲಿ. ಹೆಸರು ಬದಲಾವಣೆ, ಇನ್ಶೂರೆನ್ಸು, ಚೈನ್ ಸೆಟ್ಟು, ಎರಡು ಟಯರು, ಬ್ರೇಕ್ ಪ್ಯಾಡು, ಆಯಿಲು. ಒಂದು ಒಳ್ಳೆಯ ಹೆಲ್ಮೆಟ್ಟು, ಅದಕ್ಕೆ ಜಿಪುಣತನ ಮಾಡಲಿಲ್ಲ. ಬ್ರ್ಯಾಂಡಿನ ಸ್ಯಾಡಲ್ ಬ್ಯಾಗಿನ ಬೆಲೆ ನೋಡಿ ತಲೆ ತಿರುಗಿ, ಆಟೋರಿಕ್ಷಾದ ಟಾಪು ಹೊಲಿಯುವವರ ಹತ್ತಿರ ಹೋದೆ. ಕಾಗದದಲ್ಲಿ ಅಳತೆ ಬರೆದುಕೊಟ್ಟೆ. ದಪ್ಪ ಟಾರ್ಪಾಲಿನಲ್ಲಿ ಎರಡು ಚೀಲ, ಬಾಯಿ ಮೂರು ಸುತ್ತು ಸುರುಳಿ ಸುತ್ತಿ ಬೆಲ್ಟು ಬಿಗಿಯುವ ಹಾಗೆ, ಒಟ್ಟು 1,600 ರೂಪಾಯಿ. ಮಳೆ ಕೋಟು ಮಲ್ಪೆಯಲ್ಲಿ ತಂದದ್ದು, ಬೋಟಿಗೆ ಹೋಗುವವರು ಹಾಕುವ ದಪ್ಪದ್ದು. ನೋಡಲಿಕ್ಕೆ ಮೀನುಗಾರ, ಆದರೆ ಆಗುಂಬೆಯಲ್ಲಿ ಒಳಗೆ ಒಂದು ಹನಿ ಬರಲಿಲ್ಲ.

ಆಗುಂಬೆಯೇ ಪರೀಕ್ಷೆಯ ಜಾಗ. ಜುಲೈಯ ಒಂದು ಆದಿತ್ಯವಾರ ಎರಡೂ ಚೀಲಕ್ಕೆ ಜೆರಾಕ್ಸ್ ಕಾಗದದ ರೀಮು ತುಂಬಿ, ಹೆಬ್ರಿ, ಸೋಮೇಶ್ವರದ ಮೇಲೆ ಹದಿನಾಲ್ಕು ತಿರುವು ಹತ್ತಿಸಿದೆ. ತೂಕ ಹೇರಿದಾಗ ಗಾಡಿಯ ನಡೆ ಬೇರೆ. ಹಿಂದಿನ ಸ್ಪ್ರಿಂಗ್ ಬಿಗಿ ಮಾಡದೆ ಹೋದದ್ದರಿಂದ ಮೊದಲ ನಾಲ್ಕು ತಿರುವಿನಲ್ಲಿ ಮುಂದಿನ ಚಕ್ರ ಹಗುರಾಗಿ ಹೊರಗೆಳೆಯಿತು. ನಿಲ್ಲಿಸಿ ಎರಡು ಹಲ್ಲು ಬಿಗಿ ಮಾಡಿದೆ, ಸರಿಹೋಯಿತು. ಚೀಲ ನೀರು ಹಿಡಿಯಿತಾ ಅಂತ ನೋಡಲಿಕ್ಕೆ ಕಾಗದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಬಲಚೀಲದ ಒಂದು ರೀಮು ಮೂಲೆಯಲ್ಲಿ ಒದ್ದೆ, ಹೊಲಿಗೆಗೆ ಗಮ್ ಹಾಕಿಸಿದೆ.

2025ರ ಜನವರಿಯಲ್ಲಿ ಬ್ರಹ್ಮಾವರದಿಂದ ಬಡಗಿಗೆ ತಿರುಗಿದೆ. ಕಛ್‌ಗೆ. ಮೊದಲ ರಾತ್ರಿ ಕಾರವಾರ ದಾಟಿ ಕಾಣಕೋಣ, ಐದನೇ ರಾತ್ರಿ ಭುಜ್. ದಾರಿಯ ಬಗ್ಗೆ ಹೇಳಲಿಕ್ಕೆ ಹೆಚ್ಚೇನಿಲ್ಲ. 18 ಎಚ್‌ಪಿಯ ಗಾಡಿ ಎಪ್ಪತ್ತೈದು ಎಂಬತ್ತರಲ್ಲಿ ಹಾಡಿಕೊಂಡು ಹೋಗುತ್ತದೆ. ನೂರರಲ್ಲಿ ಇಡೀ ದಿನ ಹೋಗಬೇಕು ಅನ್ನುವವರು ಬೇರೆ ಗಾಡಿ ನೋಡಿ. ಅಹಮದಾಬಾದಿನ ಕಡೆಯ ಹೈವೇಯಲ್ಲಿ ಲಾರಿಗಳು ನನ್ನನ್ನು ಓವರ್‌ಟೇಕ್ ಮಾಡುತ್ತಿದ್ದವು, ಚಾ ಅಂಗಡಿಯಲ್ಲಿ ಅದೇ ಲಾರಿಯವರು ಸಿಗುತ್ತಿದ್ದರು. ದಿನಕ್ಕೆ ಮುನ್ನೂರೈವತ್ತರ ಆಸುಪಾಸು, ಅದಕ್ಕಿಂತ ಹೆಚ್ಚು ಓಡಿಸಲಿಲ್ಲ. ಹೋಗಿ ಬಂದು 4,260 ಕಿಲೋಮೀಟರು, ಲೀಟರಿಗೆ ಸರಾಸರಿ ಮೂವತ್ತೆಂಟು.

ಹೇಳಬೇಕಾದದ್ದು ಕಛ್‌ನ ಬನ್ನಿ ಅನ್ನುವ ಹುಲ್ಲುಗಾವಲಿನ ಕತೆ. ಖಾವ್ಡಾ ರಸ್ತೆ ಬಿಟ್ಟು ಒಂದು ಮಣ್ಣಿನ ಜಾಡು ಹಿಡಿದಿದ್ದೆ, ಬುದ್ಧಿ ಅಷ್ಟೇ. ಮುಂದಿನ ಚಕ್ರ ಮೆತ್ತಗಾಯಿತು. ಇಳಿದು ನೋಡಿದರೆ ಒಂದೂವರೆ ಇಂಚಿನ ಮುಳ್ಳು. ಗಿಡ ಗುರುತು ಸಿಕ್ಕಿತು, ನಮ್ಮ ಬಳ್ಳಾರಿ ಜಾಲಿ! ಅಲ್ಲಿ ಅದಕ್ಕೆ ಗಾಂಡೊ ಬಾವಳ್ ಅನ್ನುತ್ತಾರೆ, ಹುಚ್ಚು ಜಾಲಿ. ಬನ್ನಿಯ ಹುಲ್ಲನ್ನೆಲ್ಲ ನುಂಗುತ್ತಾ ಹಬ್ಬಿದೆ. ಟ್ಯೂಬ್ ಟಯರಾದ್ದರಿಂದ ಬತ್ತಿ ತುರುಕುವ ಹಾಗಿಲ್ಲ, ಚಕ್ರವನ್ನೇ ಬಿಚ್ಚಬೇಕು. ಮನೆಯ ಅಂಗಳದಲ್ಲಿ ಮೂರು ಸಲ ಬಿಚ್ಚಿ ಹಾಕಿ ಕಲಿತಿದ್ದೆ, ಅಮ್ಮ ಜಗಲಿಯಿಂದ ನೋಡುತ್ತಾ "ಸಮ ಇದ್ದ ಚಕ್ರ ಬಿಚ್ಚುದ್ ಎಂತಕೆ" ಅಂತ ಕೇಳಿದ್ದರು.

ಎಂಜಿನಿನ ಅಡಿಗೆ ಕಲ್ಲು ಕೊಟ್ಟು ಚಕ್ರ ಕಳಚಿದೆ. ಲಿವರು (ಟಯರು ಎಬ್ಬಿಸುವ ಕಬ್ಬಿಣದ ಪಟ್ಟಿ) ಹಾಕುವ ಮೊದಲು ಟಯರಿನ ಎದುರು ಬದಿಯ ಅಂಚನ್ನು ಮಂಡಿಯಲ್ಲಿ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಬೇಕು. ಗುಟ್ಟು ಇಷ್ಟೇ. ಅಂಚು ತಗ್ಗಿನಲ್ಲಿ ಕೂತರೆ ಈ ಬದಿ ಸಡಿಲವಾಗುತ್ತದೆ, ಸಣ್ಣ ಲಿವರಿಗೂ ಬರುತ್ತದೆ. ಕೂರದಿದ್ದರೆ ಭೀಮ ಬಂದರೂ ಇಲ್ಲ, ಮೇಲಿಂದ ಹೊಸ ಟ್ಯೂಬನ್ನೂ ಲಿವರು ಕಚ್ಚುತ್ತದೆ. ಟಯರಿನ ಒಳಗೆ ಕೈ ಆಡಿಸಿದಾಗ ಇನ್ನೆರಡು ಮುಳ್ಳಿನ ತುದಿ ಸಿಕ್ಕಿತು. ಅವನ್ನು ಬಿಟ್ಟು ಹೊಸ ಟ್ಯೂಬು ಹಾಕಿದ್ದರೆ ಹತ್ತು ಕಿಲೋಮೀಟರಿಗೆ ಮತ್ತೆ ಇದೇ ಪಾಡು. ಹೊಸ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ, ಸೊಟ್ಟಗಾಗದ ಹಾಗೆ ಒಳಗಿಟ್ಟು ಅಂಚು ಹತ್ತಿಸಿದೆ. ಅಷ್ಟರಲ್ಲಿ ಬನ್ನಿ ಎಮ್ಮೆಗಳ ಒಂದು ಹಿಂಡು ಬಂದು ಸುತ್ತ ನಿಂತಿತು, ಕೊಂಬು ಒಳಕ್ಕೆ ಸುರುಳಿ ಸುತ್ತಿದ ಕಪ್ಪು ಎಮ್ಮೆಗಳು. ಹಿಂದಿನಿಂದ ಬಂದ ಕಾಯುವವರು ಏನೂ ಕೇಳದೆ ಕೂತು ಸೈಕಲ್ ಪಂಪು ಒತ್ತಲಿಕ್ಕೆ ಶುರುಮಾಡಿದರು. ಒಂದು ಗಂಟೆ ಹತ್ತು ನಿಮಿಷ. ಹೊರಡುವ ಗಡಿಬಿಡಿಯಲ್ಲಿ ಮೆತ್ತನೆ ಮಣ್ಣಿಗೆ ಸೈಡ್ ಸ್ಟ್ಯಾಂಡ್ ಹೂತು ಗಾಡಿ ಮಲಗಿತು. ಕಾಯುವವರು ಏಳುವಷ್ಟರಲ್ಲಿ ನಾನು ಬೆನ್ನು ಕೊಟ್ಟು ಎತ್ತಿ ನಿಲ್ಲಿಸಿದ್ದೆ. ಅವರಿಗೆ ಅದು ದೊಡ್ಡ ವಿಷಯವಲ್ಲ. ಎಮ್ಮೆಗಳಿಗೆ ಅಂತೂ ಅಲ್ಲವೇ ಅಲ್ಲ.

ಮಾರನೇ ದಿನ ಧೋಲಾವೀರ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹರಪ್ಪ ಕಾಲದ ಊರು. ಅಲ್ಲಿಗೆ ಹೋಗುವ ದಾರಿಯ ಎರಡೂ ಬದಿ ಕಣ್ಣು ಕುಕ್ಕುವ ಬಿಳಿ ಉಪ್ಪು. ಎಲ್ಲರೂ ಉಪ್ಪಿಗೆ ಗಾಡಿ ಇಳಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಮಂಗಳೂರಿನ ಆ ವಿಡಿಯೊ ನೆನಪಾಗಿ ಡಾಮರಿನ ಮೇಲೆಯೇ ನಿಲ್ಲಿಸಿ, ನಡೆದುಕೊಂಡು ಹೋಗಿ ನೋಡಿದೆ. ಆದರೂ ಭುಜ್‌ಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಕಡ್ಡಿ, ಕ್ಯಾಲಿಪರು, ಹೊಟ್ಟೆಯಡಿ ಎಲ್ಲ ತೊಳೆಸಿ, ಚೈನು ಒರೆಸಿ ಲ್ಯೂಬು ಹಾಕಿದೆ.

ಈಗ ಕೇಳುವವರಿಗೆ ಒಂದೆರಡು ಮಾತು. ಎಕ್ಸ್‌ಪಲ್ಸಿನಲ್ಲಿ ಈಗ 210 ಬಂದಿದೆ, ಎಂಜಿನು ತಣಿಸಲಿಕ್ಕೆ ಕೂಲೆಂಟು, ಆರು ಗೇರು. ಹೈವೇಗೆ ಅದು ಚೆನ್ನ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ವರೆಗಿನ ಬೈಕುಗಳಿಗೆ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ, ಅದಕ್ಕೂ ಮೇಲಿನವಕ್ಕೆ 40. ಹಾಗಾಗಿ ಸೆಕೆಂಡ್‌ಹ್ಯಾಂಡಿನವರು ಹಳೆಯ ಶೋರೂಮ್ ಬೆಲೆ ತೋರಿಸಿ ಚೌಕಾಶಿ ಮಾಡಿದರೆ ಒಪ್ಪಬೇಡಿ, ಇವತ್ತಿನ ಬೆಲೆ ಕೇಳಿಕೊಂಡು ಹೋಗಿ.

ಮುಂದಿನದ್ದು ಸ್ಪಿತಿ. ಮನಾಲಿಯಲ್ಲಿ ಟ್ಯಾಂಕು ತುಂಬಿಸಿದರೆ ಮುಂದಿನ ಬಂಕು ಕಾಜಾದಲ್ಲಿ, ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರು. ಟ್ಯಾಂಕು 13 ಲೀಟರು. ಕಲ್ಲುರಸ್ತೆಯಲ್ಲಿ ಮೊದಲ ಎರಡು ಗೇರಿನಲ್ಲೇ ತೆವಳಿ, ಲೀಟರಿಗೆ ಬರೀ ಇಪ್ಪತ್ತೈದು ಕೊಟ್ಟರೂ ಮುನ್ನೂರು ದಾಟುತ್ತದೆ, ಕ್ಯಾನಿನಲ್ಲಿ ಪೆಟ್ರೋಲು ಹೊರುವ ಕೆಲಸವಿಲ್ಲ. ಹೆಂಡತಿ ಬಜೆಟ್ ಇನ್ನೂ ಹೇಳಿಲ್ಲ. ಅದಕ್ಕೂ ಮೊದಲು ಕಾರ್ಕಳದಲ್ಲಿ ಅಣ್ಣ ಬೆರಳಿಟ್ಟು ತೋರಿಸಿದ ಆ ಕೋನ್‌ಸೆಟ್ಟು ಈಗ ಪೂರ್ತಿ ಕೈಕೊಟ್ಟಿದೆ. ನಾಳೆ ಬೆಳಿಗ್ಗೆ ಗಾಡಿ ಗ್ಯಾರೇಜಿನಲ್ಲಿ ಬಿಟ್ಟು ಬಸ್ಸಿನಲ್ಲಿ ಅಂಗಡಿಗೆ ಹೋಗುವುದು.